ನೆಟ್ರಿನ್: ಕಣ್ಣಿನ ನರಕ್ಕೆ ಬಾಗಿಲು ತೋರುವ ಪ್ರೋಟೀನ್

'ನೇತೃತ್ವ' ನಮಗೆಲ್ಲ ಗೊತ್ತಿರುವ ಪದ. ಅದರ ಬುಡದಲ್ಲಿರುವ ಸಂಸ್ಕೃತದ 'ನೇತೃ' ಅಂದರೆ ದಾರಿ ತೋರಿ ಕರೆದೊಯ್ಯುವವರು. ನೆಟ್ರಿನ್ ಎಂಬ ಪ್ರೋಟೀನಿನ ಹೆಸರೂ ಅಲ್ಲಿಂದಲೇ ಬಂದಿದೆ. ಇಂಗ್ಲಿಷ್ ಬಾಯಲ್ಲಿ 'ತ' ಹೋಗಿ 'ಟ' ಆಗಿದೆ, ಅಷ್ಟೇ. 1994ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರ್ಕ್ ಟೆಸಿಯರ್-ಲವೀನ್ ಅವರ ತಂಡ ಸಾವಿರಾರು ಕೋಳಿ ಭ್ರೂಣಗಳ ಮೆದುಳಿನಿಂದ ಇದನ್ನು ಬೇರ್ಪಡಿಸಿ ಈ ಹೆಸರಿಟ್ಟಿತು. ಅವರು ಆಗ ಹುಡುಕುತ್ತಿದ್ದದ್ದು ಬೆನ್ನುಹುರಿಯ ನರಗಳಿಗೆ ದಾರಿ ತೋರುವುದು ಯಾವುದು ಅಂತ. 1997ರಲ್ಲಿ ಇಲಿಯ ಕಣ್ಣಿನಲ್ಲೂ ನೆಟ್ರಿನ್‌ನ ಕೆಲಸ ಗೊತ್ತಾಯಿತು. ನಾವು ಕಣ್ಣಿಗೆ ಹೇಳುವ 'ನೇತ್ರ' ಕೂಡ 'ನೇತೃ' ಹುಟ್ಟಿದ ಧಾತುವಿನಿಂದಲೇ ಬಂದದ್ದು. ಹೆಸರು ಎಷ್ಟು ಚೆನ್ನಾಗಿ ಕೂಡಿಬಂತು ನೋಡಿ!

ಮನುಷ್ಯರ ಒಂದೊಂದು ಕಣ್ಣಿನಿಂದಲೂ ಸುಮಾರು 10 ಲಕ್ಷ ನರದ ಎಳೆಗಳು ಹೊರಟು ಮೆದುಳು ಸೇರುತ್ತವೆ. ಭ್ರೂಣದಲ್ಲಿ ಇವು ಮೊದಲು ಅಕ್ಷಿಪಟಲದ ಒಳಮೈ ಮೇಲೆ ಬೆಳೆಯುತ್ತಾ ಹೋಗುತ್ತವೆ. ಕಣ್ಣಿನಿಂದ ಆಚೆ ಹೋಗಲು ಎಲ್ಲಕ್ಕೂ ಇರುವುದು ಒಂದೇ ಕಿಂಡಿ. (ಆ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ. ಶಾಲೆಯಲ್ಲಿ ಓದಿದ ಕುರುಡು ಚುಕ್ಕೆ ಅಂದರೆ ಇದೇ.) ಕಿಂಡಿಯಲ್ಲಿರುವ ಕೋಶಗಳು ನೆಟ್ರಿನ್ ತಯಾರಿಸುತ್ತವೆ. ಎಳೆಯ ತುದಿಯಲ್ಲಿ ಅದನ್ನು ಹಿಡಿದುಕೊಳ್ಳುವ ಡಿಸಿಸಿ ಎಂಬ ಇನ್ನೊಂದು ಪ್ರೋಟೀನ್ ಇರುತ್ತದೆ. ಇವೆರಡೂ ಕೂಡಿದಾಗ ತುದಿ ಕಿಂಡಿಯೊಳಗೆ ತಿರುಗುತ್ತದೆ.

ಹಾಗಂತ ನೆಟ್ರಿನ್ ದೂರದಿಂದಲೇ ಎಳೆಗಳನ್ನು ಕರೆತರುತ್ತದೆ ಅಂದುಕೊಳ್ಳಬೇಡಿ. ನೆಟ್ರಿನ್ ಇಲ್ಲದ ಇಲಿ ಭ್ರೂಣಗಳಲ್ಲೂ ಎಳೆಗಳು ಕಿಂಡಿಯ ತನಕ ಸರಿಯಾಗಿಯೇ ಬಂದವು. ಬಾಗಿಲಿಗೆ ಬಂದ ಮೇಲೆ ಎಷ್ಟೋ ಎಳೆಗಳಿಗೆ ಒಳಗಿಳಿಯಲು ಆಗಲಿಲ್ಲ. ಹಾಗಾಗಿ ಕಣ್ಣಿನ ನರ ತೆಳ್ಳಗೇ ಉಳಿಯಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಸೆಳೆಯುವ ಪ್ರೋಟೀನ್ ಬಾಗಿಲಲ್ಲೇ ಇದ್ದರೆ ಎಳೆಗಳು ಅಲ್ಲೇ ನಿಂತುಬಿಡಬೇಕಿತ್ತು, ಅಲ್ವಾ? 1999ರಲ್ಲಿ ಕಪ್ಪೆಯ ಕಣ್ಣಿನ ಎಳೆಗಳ ಮೇಲೆ ನಡೆದ ಪ್ರಯೋಗ ಒಂದು ಸುಳಿವು ಕೊಟ್ಟಿತು. ಲ್ಯಾಮಿನಿನ್ ಎಂಬ ಪ್ರೋಟೀನ್ ಜೊತೆಗಿದ್ದರೆ, ಸೆಳೆಯುತ್ತಿದ್ದ ನೆಟ್ರಿನ್ನೇ ಎಳೆಯನ್ನು ಆಚೆ ತಳ್ಳುತ್ತದೆ! ಲ್ಯಾಮಿನಿನ್ ಇರುವುದು ಎಳೆಗಳು ಸಾಗಿಬರುವ ಅಕ್ಷಿಪಟಲದ ಆ ಒಳಮೈಯ ಮೇಲ್ಮೈಯಲ್ಲಿ. ಕಿಂಡಿಯ ಒಳಗೆ ಇರುವುದು ನೆಟ್ರಿನ್ ಮಾತ್ರ. ಅಂದರೆ ಕಿಂಡಿಯ ಬಾಯಿಗೆ ಬಂದ ಎಳೆಯನ್ನು ಮೇಲ್ಮೈ ತಳ್ಳುತ್ತದೆ, ಒಳಭಾಗ ಸೆಳೆಯುತ್ತದೆ. ಎಳೆ ಕೆಳಗಿಳಿಯುವುದು ಹೀಗೆ ಅಂತ ಆ ಸಂಶೋಧಕರು ವಿವರಿಸಿದರು. ನೆಟ್ರಿನ್ ಬಗ್ಗೆ ನನಗೆ ತುಂಬಾ ಇಷ್ಟವಾದ ವಿಷಯ ಇದು. ಸೆಳೆಯುವುದೋ ತಳ್ಳುವುದೋ ಎಂಬುದು ಆ ಪ್ರೋಟೀನಿನಲ್ಲೇ ಬರೆದಿಟ್ಟಿಲ್ಲ. ಆ ಹೊತ್ತಿಗೆ ಎಳೆಯ ತುದಿ ಎಲ್ಲಿದೆ, ಏನನ್ನು ಮುಟ್ಟುತ್ತಿದೆ ಅನ್ನುವುದರ ಮೇಲೆ ಅದು ನಿಲ್ಲುತ್ತದೆ.

ಕಣ್ಣು ದಾಟಿದ ಮೇಲೆ ದಾರಿ ತೋರುವವರು ಬೇರೆ. ಮೆದುಳಿನಲ್ಲಿ ಯಾವ ಎಳೆ ಎಲ್ಲಿ ನೆಲೆ ನಿಲ್ಲಬೇಕು ಎಂದು ತೀರ್ಮಾನಿಸುವುದರಲ್ಲಿ ಎಫ್ರಿನ್ ಎಂಬ ಪ್ರೋಟೀನುಗಳದ್ದೇ ದೊಡ್ಡ ಪಾತ್ರ.