ಸೈಕಾಲಜಿ ಪದವಿ: ಮೊದಲು ಅಳೆಯುವುದನ್ನು ಕಲಿಯಿರಿ

ಬೆಂಗಳೂರಿನ ಕ್ರೈಸ್ಟ್, ಮೌಂಟ್ ಕಾರ್ಮೆಲ್, ಜ್ಯೋತಿ ನಿವಾಸ್, ಕ್ರಿಸ್ತು ಜಯಂತಿಯಂಥ ಕಡೆ ಸೈಕಾಲಜಿ ಸೀಟು ಕೇಳಿಕೊಂಡು ಬರುವ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಮೂರು ವರ್ಷ ಕೌನ್ಸೆಲಿಂಗ್ ಕಲಿಯುತ್ತೇವೆಂಬ ನಿರೀಕ್ಷೆ ಇರುತ್ತದೆ. ಪದವಿಯಲ್ಲಿ ನಿಜವಾಗಿ ಕಲಿಯುವುದು ಮನುಷ್ಯನ ನಡವಳಿಕೆಯನ್ನು ಅಳೆಯುವುದನ್ನು. ಇದನ್ನು ಮೊದಲೇ ತಿಳಿದು ಬಂದವರಿಗೆ ಎರಡನೇ ಸೆಮಿಸ್ಟರ್‌ನಲ್ಲಿ ನಿರಾಸೆಯಾಗುವುದಿಲ್ಲ.

ಇವೆಲ್ಲ ಕ್ರೈಸ್ತ ಆಡಳಿತದ ಸಂಸ್ಥೆಗಳಾದ್ದರಿಂದ ಮನೆಯವರು ಕೇಳುವ ಮೊದಲ ಪ್ರಶ್ನೆ ಧರ್ಮದ್ದು. ಸಂವಿಧಾನದ 28(3)ನೇ ವಿಧಿ ಇಲ್ಲಿ ಸ್ಪಷ್ಟವಾಗಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ, ವಿದ್ಯಾರ್ಥಿ ಅಪ್ರಾಪ್ತರಾಗಿದ್ದರೆ ಪೋಷಕರ ಒಪ್ಪಿಗೆ ಬೇಕು. ಮೌಲ್ಯ ಶಿಕ್ಷಣದ ತರಗತಿ, ಸಮಾಜಸೇವೆಯ ಗಂಟೆಗಳು ಇರುತ್ತವೆ. ಫ್ರಾಯ್ಡ್, ಡಾರ್ವಿನ್ ಇಬ್ಬರೂ ಸಿಲಬಸ್‌ನಲ್ಲಿ ಇದ್ದೇ ಇರುತ್ತಾರೆ. ಮಕ್ಕಳಿಗೆ ನಿಜಕ್ಕೂ ಬಿಸಿ ತಟ್ಟುವುದು ಹಾಜರಾತಿಯಿಂದ. ಶೇ 75 ಸಾಮಾನ್ಯ ನಿಯಮ, ಕೆಲವು ಕಡೆ ಶೇ 85 ಕೇಳುತ್ತಾರೆ.

ಇನ್ನು ಲ್ಯಾಬ್. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಮನಃಶಾಸ್ತ್ರದ ಪ್ರಯೋಗಾಲಯ ತೆರೆದಾಗಿನಿಂದ ಈ ವಿಷಯದ ಬೆನ್ನೆಲುಬೇ ಪ್ರಯೋಗ. ನಮ್ಮಲ್ಲಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗ ಕಟ್ಟಿದರು. ಈಗಲೂ ಮೊದಲ ವರ್ಷದಲ್ಲಿ ಕೈಗೆ ಬರುವ ಉಪಕರಣಗಳಲ್ಲೊಂದು ಮುಲ್ಲರ್-ಲಯರ್ ಭ್ರಮೆಯ ಹಲಗೆ. ಒಂದು ಗೆರೆಯ ತುದಿಗಳಲ್ಲಿ ಬಾಣದ ಮೊನೆ, ಇನ್ನೊಂದರ ತುದಿಗಳಲ್ಲಿ ಹೊರಗೆ ಚಾಚಿದ ಗರಿ. ಪ್ರಯೋಗಕ್ಕೆ ಎದುರು ಕೂತವರು ಗರಿಯ ಗೆರೆಯನ್ನು ಜಾರಿಸಿ ಎರಡನ್ನೂ ಸಮ ಮಾಡಬೇಕು. ಗರಿಯದು ಉದ್ದವಾಗಿ ಕಾಣುವುದರಿಂದ ಬಹುತೇಕ ಎಲ್ಲರೂ ಅದನ್ನು ಗಿಡ್ಡವಾಗಿಯೇ ನಿಲ್ಲಿಸುತ್ತಾರೆ. ಬಾಣದ ಮೊನೆಯ ಸ್ಥಿರ ಗೆರೆ 15 ಸೆಂ.ಮೀ. ಇದ್ದು, ಹೊಂದಿಸಿದ ಅಳತೆಗಳ ಸರಾಸರಿ 13.2 ಬಂದರೆ ಭ್ರಮೆ 1.8 ಸೆಂ.ಮೀ., ಅಂದರೆ ಶೇ 12.

ಲೆಕ್ಕ ಸುಲಭ, ತಪ್ಪುವುದು ವಿಧಾನದಲ್ಲಿ. ಜಾರುವ ಗೆರೆ ಬಲಕ್ಕಿದ್ದಾಗ ಉದ್ದದಿಂದ ಗಿಡ್ಡಕ್ಕೆ 10 ಸಲ, ಗಿಡ್ಡದಿಂದ ಉದ್ದಕ್ಕೆ 10 ಸಲ. ಎಡಕ್ಕಿದ್ದಾಗಲೂ ಹಾಗೆಯೇ, ಒಟ್ಟು 40 ಸಲ ಮಾಡಿಸಬೇಕು. ಆಗ ಮಾತ್ರ ದಿಕ್ಕಿನಿಂದಲೂ ಸ್ಥಾನದಿಂದಲೂ ಬಂದ ದೋಷವನ್ನು ಭ್ರಮೆಯಿಂದ ಬೇರೆ ಮಾಡಬಹುದು. ಹೊತ್ತಾಯಿತೆಂದು ಒಂದೇ ಕಡೆಯಿಂದ 20 ಸಲ ಮಾಡಿ ಮುಗಿಸಿದರೆ ಎಲ್ಲವೂ ಕಲಸಿಹೋಗುತ್ತದೆ. ಸ್ಕೇಲಿನ ಬದಿ ಎದುರು ಕೂತವರ ಕಣ್ಣಿಗೆ ಬೀಳಬಾರದು. ನಡುವೆ ‘ಹ್ಞಾಂ, ಹತ್ತಿರ ಬಂತು’ ಎಂದರೆ ಮುಗಿಯಿತು, ಮುಂದಿನ ಅಳತೆ ನಿಮ್ಮ ಮಾತಿನ ಜಾಡು ಹಿಡಿಯುತ್ತದೆ. ರೆಕಾರ್ಡ್ ಬರೆಯುವ ಹಿಂದಿನ ರಾತ್ರಿ ಕೂತು ಅಂಕಿ ಹೊಸೆಯುವವರದ್ದು ಇನ್ನೂ ದೊಡ್ಡ ತಪ್ಪು. 13.2, 13.3, 13.2 ಎಂದು ಸಾಲಾಗಿ ಬರೆದಿರುತ್ತಾರೆ. ನಿಜವಾದ ಕೈ ಅಷ್ಟು ಸ್ಥಿರವಾಗಿ ಎಲ್ಲೂ ನಿಲ್ಲುವುದಿಲ್ಲ. ವೈವಾದಲ್ಲಿ ಅನುಭವಿ ಪರೀಕ್ಷಕರು ಅದನ್ನೇ ಹಿಡಿಯುತ್ತಾರೆ.

ಪಠ್ಯ ಇಂಗ್ಲಿಷ್‌ನಲ್ಲಿದ್ದರೂ ಎದುರು ಕೂತವರಿಗೆ ಅರ್ಥವಾಗುವ ಭಾಷೆಯಲ್ಲೇ ಸೂಚನೆ ಕೊಡಬೇಕು. ಕನ್ನಡದಲ್ಲಿ ಕೊಡುವುದಾದರೆ ಮೊದಲೇ ಬರೆದಿಟ್ಟುಕೊಂಡು ಎಲ್ಲರಿಗೂ ಅಕ್ಷರಶಃ ಅದನ್ನೇ ಓದಿ. ಸ್ಟ್ರೂಪ್ ಪ್ರಯೋಗದಲ್ಲಂತೂ ಭಾಷೆಯೇ ಫಲಿತಾಂಶವನ್ನು ತಿದ್ದುತ್ತದೆ. ‘ಕೆಂಪು’ ಎಂದು ನೀಲಿ ಶಾಯಿಯಲ್ಲಿ ಬರೆದಾಗ ಬಣ್ಣ ಹೇಳಲು ತಡವಾಗುವುದು ಓದು ತಾನಾಗಿಯೇ ನಡೆದುಬಿಡುವುದರಿಂದ. ಕನ್ನಡವನ್ನು ಕೂಡಿಸಿ ಓದುವ ಹುಡುಗನಿಗೆ ಕನ್ನಡದ ಕಾರ್ಡ್‌ನಲ್ಲಿ ಆ ತೊಡಕು ಕಡಿಮೆ. ಹಾಗಾಗಿ ಯಾವ ಮಾಧ್ಯಮದಲ್ಲಿ ಓದಿದವರು ಎಂಬುದು ನಿಮ್ಮ ವರದಿಯಲ್ಲಿ ಇರಲೇಬೇಕು.

ಸ್ಟ್ಯಾಟಿಸ್ಟಿಕ್ಸ್ ಪೇಪರ್‌ಗೆ ಕಲಾ ವಿಭಾಗದವರು ಅನಗತ್ಯವಾಗಿ ಹೆದರುತ್ತಾರೆ. ಎಸ್ಸೆಸ್ಸೆಲ್ಸಿಯ ಸಂಖ್ಯಾಶಾಸ್ತ್ರದ ಪಾಠವನ್ನು ರಜೆಯಲ್ಲಿ ಇನ್ನೊಮ್ಮೆ ಮಾಡಿ. ಮಾನಕ ವಿಚಲನೆ, ಸಹಸಂಬಂಧ, ಟಿ-ಪರೀಕ್ಷೆಗಳು ಅದರ ಮೇಲೆಯೇ ನಿಲ್ಲುತ್ತವೆ.

ಪ್ರವೇಶಕ್ಕೆ ಮುನ್ನ ಕಾಲೇಜಿನಲ್ಲಿ ಎರಡು ವಿಷಯ ಕೇಳಿ: ಲ್ಯಾಬ್ ಬ್ಯಾಚಿನಲ್ಲಿ ಎಷ್ಟು ಮಂದಿ, ಕೋರ್ಸ್ ಮೂರು ವರ್ಷದ್ದೋ ನಾಲ್ಕರದ್ದೋ. ರಾಜ್ಯ ಸರ್ಕಾರ 2024-25ರಿಂದ ತನ್ನ ವಿಶ್ವವಿದ್ಯಾಲಯಗಳಲ್ಲಿ ಮೂರು ವರ್ಷಕ್ಕೆ ಮರಳಿದೆ. ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳ ಲೆಕ್ಕ ಬೇರೆ. ಮುಂದೆ ದೂರಶಿಕ್ಷಣದಲ್ಲಿ ಎಂ.ಎ. ಮಾಡಿಕೊಂಡರಾಯಿತು ಎಂಬ ಯೋಚನೆ ಇದ್ದರೆ ಕೈಬಿಡಿ: 2025ರ ಜುಲೈ-ಆಗಸ್ಟ್ ಅವಧಿಯಿಂದ ಸೈಕಾಲಜಿಯನ್ನು ದೂರಶಿಕ್ಷಣ, ಆನ್‌ಲೈನ್ ಕ್ರಮದಲ್ಲಿ ನಡೆಸದಂತೆ ಯುಜಿಸಿ ತಡೆದಿದೆ.

ಬಿ.ಎ. ಮುಗಿಸಿದವರು ಚಿಕಿತ್ಸಕರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸ್ ಮಾಡಿ, ಅಲ್ಲಿ ನೋಂದಾಯಿಸಿಕೊಳ್ಳಬೇಕು. ಇಂಟರ್ನ್‌ಶಿಪ್‌ಗೆ ಹೋದಾಗ ಇದು ನೆನಪಿರಲಿ. ಅನುಮತಿ ಇದ್ದಲ್ಲಿ ಹಿರಿಯರ ಜೊತೆ ಕೂತು ನೋಡುವುದು, ಅಂಕಿಅಂಶ ಜೋಡಿಸುವುದು, ಶಾಲೆಗಳಲ್ಲಿ ಜಾಗೃತಿ ಕಾರ್ಯಕ್ರಮಕ್ಕೆ ನೆರವಾಗುವುದು ನಿಮ್ಮ ಕೆಲಸ. ಎರಡನೇ ವಾರಕ್ಕೇ ನೊಂದು ಬಂದವರ ಎದುರು ನಿಮ್ಮೊಬ್ಬರನ್ನೇ ಕೂರಿಸಿ ‘ಮಾತಾಡಿ ಸಮಾಧಾನ ಮಾಡಮ್ಮ’ ಎನ್ನುವ ಜಾಗ ಸಿಕ್ಕರೆ, ಸರ್ಟಿಫಿಕೇಟ್ ಹೋದರೂ ಪರವಾಗಿಲ್ಲ, ಅಂದೇ ಕಾಲೇಜಿನ ಮೇಲ್ವಿಚಾರಕರಿಗೆ ತಿಳಿಸಿ ಹೊರಬನ್ನಿ.