ಎಸಿಎಲ್ ಮರುಜೋಡಣೆ: ಗ್ರಾಫ್ಟ್ ಜೊತೆ ಟನಲ್ ಕೂಡ ಓದಿಕೊಳ್ಳಿ

ಎಸಿಎಲ್ ಅಂದರೆ ಮಂಡಿಯೊಳಗೆ ತೊಡೆಮೂಳೆಯನ್ನು ಕೆಳಗಿನ ಮೂಳೆಗೆ ಕಟ್ಟುವ ಲಿಗಮೆಂಟ್, ಒಂದು ಗಟ್ಟಿ ಪಟ್ಟಿ. ಹರಿದ ಎಸಿಎಲ್ ಅನ್ನು ಸುಮ್ನೆ ಹೊಲಿದರೆ ಸಾಕಲ್ವಾ? ಸಾಮಾನ್ಯವಾಗಿ ಸಾಲದು. ಬೇರೆ ಕಡೆ ಗಾಯವಾದರೆ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನ ಆಸರೆಯಲ್ಲೇ ಹೊಸ ಅಂಗಾಂಶ ಬೆಳೆಯುತ್ತದೆ. ಇಲ್ಲಿ ಕೀಲಿನ ದ್ರವ ಹೆಪ್ಪನ್ನು ನಿಲ್ಲಲು ಬಿಡುವುದಿಲ್ಲ. ಹಾಗಾಗಿ ಸರ್ಜರಿ ಬೇಕಾದವರಿಗೆ ಹೆಚ್ಚಾಗಿ ಬೇರೆ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತಂದು ಆ ಜಾಗಕ್ಕೆ ಕೂರಿಸುತ್ತಾರೆ. ಅದೇ ಗ್ರಾಫ್ಟ್.

ಮಂಡಿಚಿಪ್ಪಿನ ಕೆಳಗಿನ ಟೆಂಡನ್‌ನ ನಡುಭಾಗವನ್ನು ತೆಗೆದರೆ ಎರಡೂ ತುದಿಗೆ ಮೂಳೆ ತುಣುಕು ಸಿಗುತ್ತದೆ. ಮೂಳೆಗೆ ಮೂಳೆ ಸುಮಾರು 6 ವಾರದಲ್ಲಿ ಕೂಡಿಕೊಳ್ಳುತ್ತದೆ. ಆದರೆ ಮಂಡಿಯೂರಿದಾಗ ನೋವು ಜಾಸ್ತಿ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಟೆಂಡನ್ ತೆಗೆದರೆ ಆ ನೋವು ಕಡಿಮೆ. ಎರಡು ಟೆಂಡನ್ ಮಡಿಚಿ ನಾಲ್ಕು ಎಳೆ ಮಾಡುತ್ತಾರೆ. ಆದರೆ ಟೆಂಡನ್ ಮೂಳೆಗೆ ಅಂಟಲು 8ರಿಂದ 12 ವಾರ ಬೇಕು. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಟೆಂಡನ್ ಕೂಡ ಒಳ್ಳೆಯ ಆಯ್ಕೆ. ದಾನಿಯ ಗ್ರಾಫ್ಟ್ ಎಳೆಯ ವಯಸ್ಸಿನ ಆಟಗಾರರಲ್ಲಿ ಹೆಚ್ಚು ಹರಿಯುತ್ತದೆ.

ಪರೀಕ್ಷೆಗೆ ಎಲ್ಲರೂ ಇಷ್ಟನ್ನು ಓದುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಗ್ರಾಫ್ಟ್ ಕೂರಿಸಲು ತೊಡೆಮೂಳೆಯಲ್ಲಿ ಕೊರೆಯುವ ರಂಧ್ರ, ಅಂದರೆ ಟನಲ್. ಎಸಿಎಲ್‌ಗೆ ಎರಡು ಕೆಲಸ: ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ತಡೆಯುವುದು, ತಿರುಚದಂತೆ ಹಿಡಿಯುವುದು. ಹಳೆಯ ಟ್ರಾನ್ಸ್‌ಟಿಬಿಯಲ್ ವಿಧಾನದಲ್ಲಿ ಕೆಳಮೂಳೆಯ ಟನಲ್ ಮೂಲಕವೇ ಡ್ರಿಲ್ ತೂರಿಸಿ ತೊಡೆಮೂಳೆ ಕೊರೆಯುತ್ತಾರೆ. ಡ್ರಿಲ್ ಹೋಗುವ ದಿಕ್ಕು ಮೊದಲ ಟನಲ್‌ಗೆ ಕಟ್ಟುಬಿದ್ದಿರುತ್ತದೆ. ಹಾಗಾಗಿ ರಂಧ್ರ ಎಷ್ಟೋ ಸಲ ಮೇಲಕ್ಕೆ ಹೋಗಿ, ಗ್ರಾಫ್ಟ್ ನೆಟ್ಟಗೆ ನಿಲ್ಲುತ್ತದೆ.

ನೆಟ್ಟಗಿದ್ದರೆ ಏನು ತೊಂದರೆ? ತಿರುಗುವ ಬಾಗಿಲನ್ನು ತಿರುಗಣಿಯ ಹತ್ತಿರ ಹಿಡಿದು ನಿಲ್ಲಿಸಿ ನೋಡಿ, ಕಷ್ಟ. ಅಂಚಿನಲ್ಲಿ ಹಿಡಿದರೆ ಸುಲಭ. ನೆಟ್ಟಗಿನ ಗ್ರಾಫ್ಟ್ ಮಂಡಿ ತಿರುಗುವ ಅಕ್ಷದ ಹತ್ತಿರವೇ ಇರುತ್ತದೆ. ಅದಕ್ಕೇ ಕೆಳಮೂಳೆಯನ್ನು ಮುಂದಕ್ಕೆ ಎಳೆದು ನೋಡುವ ಲ್ಯಾಕ್‌ಮನ್ ಪರೀಕ್ಷೆ ಸರಿ ಬಂದರೂ, ಕಾಲನ್ನು ತಿರುಚಿ ನೋಡುವ ಪಿವಟ್ ಶಿಫ್ಟ್ ಪರೀಕ್ಷೆಯಲ್ಲಿ ಮಂಡಿ ಜಾರಬಹುದು. ಈ ಜೋಡಿಯನ್ನು ಮರೆಯಬೇಡಿ.

ಆಂಟಿರೋಮೀಡಿಯಲ್ ಪೋರ್ಟಲ್ ವಿಧಾನದಲ್ಲಿ ಮಂಡಿಯ ಮುಂದೆ, ಒಳಬದಿಯ ಬೇರೆ ರಂಧ್ರದಿಂದ ಕೊರೆಯುತ್ತಾರೆ. ಮೂಲ ಲಿಗಮೆಂಟ್ ಅಂಟಿದ್ದ ಜಾಗವನ್ನೇ ತಲುಪಬಹುದು. ಆದರೆ ಮಂಡಿಯನ್ನು 110 ಡಿಗ್ರಿಗಿಂತ ಹೆಚ್ಚು ಮಡಿಸಬೇಕು. ಕಡಿಮೆ ಮಡಿಸಿದರೆ ಟನಲ್ ಗಿಡ್ಡವಾಗುತ್ತದೆ, ಹಿಂಬದಿಯ ಗೋಡೆಯೂ ಒಡೆಯಬಹುದು.

ಗ್ರಾಫ್ಟ್ ಬಿಗಿಯಲು ಟನಲ್‌ನೊಳಗೆ ಸ್ಕ್ರೂ, ಇಲ್ಲವೇ ಮೂಳೆಯ ಹೊರಗೆ ಬಟನ್.

ಹೊಸ ಗ್ರಾಫ್ಟ್‌ಗೆ ಮೊದಲು ರಕ್ತದ ಪೂರೈಕೆ ಇರುವುದಿಲ್ಲ. ಅದರ ಜೀವಕೋಶಗಳು ಸತ್ತು, ಹೊಸವು ಬಂದು ಸೇರಬೇಕು. ಈ ನಡುವಿನ ವಾರಗಳಲ್ಲೇ ಅದು ತುಂಬಾ ದುರ್ಬಲ. ರೋಗಿಗೆ ಮಾತ್ರ ಅಷ್ಟರಲ್ಲಿ ನೋವು ಇಳಿದು, ಕಾಲು ಸರಿಯಾಯಿತು ಅನಿಸಿರುತ್ತದೆ. 9 ತಿಂಗಳಿಗೆ ಮೊದಲೇ ಫುಟ್‌ಬಾಲ್‌ನಂಥ ಆಟಕ್ಕೆ ಮರಳಿದವರಲ್ಲಿ ಮಂಡಿಗೆ ಮತ್ತೆ ಪೆಟ್ಟಾಗುವುದು ಹೆಚ್ಚು.