ಕೇಬಲ್ ಚುಚ್ಚಿದರೆ ನೆಟ್ ಮಾಯ

ರಾತ್ರಿ ಗೆಳೆಯನ ಫೋನ್. ಅವನ ಲ್ಯಾಪ್‌ಟಾಪಿನಲ್ಲಿ ವೈಫೈ ಚೆನ್ನಾಗಿದೆ. ಆದರೆ ಕ್ಯಾಮೆರಾಗಳಿಗೆ ಅಂತ ಇಟ್ಟಿರುವ ಇನ್ನೊಂದು ಪುಟ್ಟ ರೂಟರಿನ ಕೇಬಲ್ ಚುಚ್ಚಿದ ತಕ್ಷಣ ಇಂಟರ್‌ನೆಟ್ ಸತ್ತುಹೋಗುತ್ತದೆ. ಕೇಬಲ್ ಎಳೆದರೆ ಮತ್ತೆ ಜೀವ. ಅಷ್ಟು ಹೊತ್ತಿಗೆ ಅವನು ವೈಫೈ ರೂಟರನ್ನು ಮೂರು ಸಲ ಆಫ್ ಮಾಡಿ ಆನ್ ಮಾಡಿದ್ದ. ಡ್ರೈವರ್ ಕಿತ್ತು ಮತ್ತೆ ಹಾಕಿದ್ದ. ಹೊಸ ಕೇಬಲ್ಲನ್ನೂ ತಂದಿದ್ದ. "ಈ ಕೇಬಲ್ ವೈಫೈ ಸಿಗ್ನಲ್‌ಗೆ ಅಡ್ಡಿ ಮಾಡ್ತಿದೆ ಅನ್ಸತ್ತೆ ಕಣೋ" ಅಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಸಿಗ್ನಲ್ ಸರಿಯಾಗಿತ್ತು, ಕೇಬಲ್ ಸರಿಯಾಗಿತ್ತು, ಎರಡೂ ರೂಟರ್ ಸರಿಯಾಗಿದ್ದವು. ಕಂಪ್ಯೂಟರ್ ಕೂಡ ತನಗೆ ಹೇಳಿದ್ದನ್ನೇ ಮಾಡುತ್ತಿತ್ತು. ಅದು ಏನು ಓದಿಕೊಂಡು ಹಾಗೆ ಮಾಡುತ್ತಿದೆ ಅಂತ ಯಾರೂ ತೆಗೆದು ನೋಡಿರಲಿಲ್ಲ, ಅಷ್ಟೇ.

ರೀಸ್ಟಾರ್ಟ್ ಮಾಡುವ ಚಟದ ಮೇಲೆ ನನಗೆ ಹಳೆಯ ಸಿಟ್ಟಿದೆ. ಅದು ಕೆಲವೊಮ್ಮೆ ಕೆಲಸ ಮಾಡುತ್ತದೆ, ಅದೇ ತೊಂದರೆ. ರೀಸ್ಟಾರ್ಟ್ ಆದಾಗ ದಾರಿಗಳ ಪಟ್ಟಿ ಹೊಸದಾಗಿ ತಯಾರಾಗುತ್ತದೆ. ಒಂದು ಅಡಾಪ್ಟರಿಗೆ (ಕಂಪ್ಯೂಟರಿನಲ್ಲಿ ವೈಫೈ ಅಥವಾ ಕೇಬಲ್ ನೋಡಿಕೊಳ್ಳುವ ಭಾಗಕ್ಕೆ) ವಿಳಾಸ ಸಿಗುವುದು ತಡವಾದರೆ ಅಲ್ಲಿಯವರೆಗೆ ಇನ್ನೊಂದು ಆರಾಮಾಗಿ ಓಡುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ನಾವು ಕಾಗೆಗೆ ಕೈಮುಗಿದು ಬರುತ್ತೇವೆ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ರೂಟ್ ಪ್ರಿಂಟ್' ಅಂತ ಟೈಪ್ ಮಾಡು ಅಂದೆ. ಲಿನಕ್ಸ್ ಆಗಿದ್ದರೆ 'ಐಪಿ ರೂಟ್', ಮ್ಯಾಕ್ ಆಗಿದ್ದರೆ 'ನೆಟ್‌ಸ್ಟಾಟ್' ಮುಂದೆ ಒಂದು ಗೆರೆ ಹಾಕಿ 'ಆರ್‌ಎನ್' ಅನ್ನುತ್ತಿದ್ದೆ. ಬರುವ ಪಟ್ಟಿಯೇ ರೂಟಿಂಗ್ ಟೇಬಲ್. ಕಂಪ್ಯೂಟರಿನಿಂದ ಹೊರಡುವ ಒಂದೊಂದು ಪ್ಯಾಕೆಟ್ಟೂ, ಅಂದರೆ ಡೇಟಾದ ಒಂದೊಂದು ಪುಟ್ಟ ತುಂಡೂ, ಈ ಪಟ್ಟಿಯನ್ನು ಕೇಳಿಯೇ ಹೊರಡಬೇಕು. ಅವನ ಪಟ್ಟಿಯಲ್ಲಿ 0.0.0.0 ಅಂತ ಶುರುವಾಗುವ ಸಾಲು ಎರಡಿತ್ತು. ಪ್ರತಿ ಸಾಲಿಗೂ ಮೆಟ್ರಿಕ್ ಅಂತ ಒಂದು ಆದ್ಯತೆಯ ಅಂಕ ಇರುತ್ತದೆ. ವೈಫೈ ಸಾಲಿನ ಮೆಟ್ರಿಕ್ 50, ಕೇಬಲ್ ಸಾಲಿನ ಮೆಟ್ರಿಕ್ 25. ಕೇಸು ಅಲ್ಲಿಗೇ ಮುಗಿದಿತ್ತು. ಆದರೆ ಯಾಕೆ ಮುಗಿದಿತ್ತು ಅನ್ನುವುದೇ ಮಜಾ ಇರುವ ಭಾಗ.

ಪಟ್ಟಿ ಓದುವ ನಿಯಮ ಒಂದೇ. ಕಂಪ್ಯೂಟರಿಗೆ ವಿಳಾಸ ಅಂದರೆ ಬಿಟ್‌ಗಳ, ಅಂದರೆ 0 ಮತ್ತು 1ರ, ಒಂದು ಸಾಲು. ಪ್ಯಾಕೆಟ್ಟಿನ ವಿಳಾಸಕ್ಕೆ ಹೊಂದುವ ಸಾಲುಗಳಲ್ಲಿ ಯಾವುದು ಅತಿ ಹೆಚ್ಚು ಬಿಟ್‌ಗಳವರೆಗೆ ಹೊಂದುತ್ತದೋ ಅದಕ್ಕೇ ಗೆಲುವು. ಕವಲುದಾರಿಯಲ್ಲಿ ಎರಡು ಬೋರ್ಡ್ ಇವೆ ಅಂದುಕೊಳ್ಳಿ. ಒಂದರಲ್ಲಿ 'ಎಲ್ಲಾ ಊರುಗಳಿಗೂ ಈ ಕಡೆ' ಅಂತಿದೆ, ಇನ್ನೊಂದರಲ್ಲಿ ನೀವು ಹೋಗಬೇಕಾದ ಊರಿನದೇ ಹೆಸರಿದೆ. ಎರಡೂ ಸುಳ್ಳಲ್ಲ. ನೀವು ಮಾತ್ರ ಹೆಸರಿದ್ದ ಕಡೆಗೇ ತಿರುಗುತ್ತೀರಿ. ಜರಡಿಯ ಹಾಗೂ ನೋಡಬಹುದು. ಮೇಲೆ ದೊಡ್ಡ ಕಣ್ಣಿನ ಜರಡಿ, ಕೆಳಗೆ ಸಣ್ಣ ಕಣ್ಣಿನದು, ಅದರ ಕೆಳಗೆ ಬರೀ ಬುಟ್ಟಿ. ಮೇಲಿನ ಜರಡಿ ಹಿಡಿದದ್ದು ಕೆಳಕ್ಕೆ ಇಳಿಯುವುದಿಲ್ಲ. ಯಾರೂ ಹಿಡಿಯದೇ ಇದ್ದದ್ದು ಬುಟ್ಟಿಗೆ ಬೀಳುತ್ತದೆ. ಆ ಬುಟ್ಟಿಯೇ 0.0.0.0, ಅಂದರೆ ಡೀಫಾಲ್ಟ್ ರೂಟ್. ಅದು ವಿಳಾಸದ ಒಂದು ಬಿಟ್ಟನ್ನೂ ನೋಡುವುದಿಲ್ಲ. ಸೊನ್ನೆ ಬಿಟ್ ಹೊಂದಿದರೆ ಸಾಕು, ಹಾಗಾಗಿ ಯಾವ ವಿಳಾಸ ಬಂದರೂ ಹೊಂದುತ್ತದೆ. ಆದರೆ ಸೊನ್ನೆ ಬಿಟ್ಟಿನದಾದ್ದರಿಂದ ಬೇರೆ ಯಾವ ಸಾಲಿನ ಎದುರೂ ಸೋಲುತ್ತದೆ.

ಗೆಳೆಯನ ಕ್ಯಾಮೆರಾಗಳ ವಿಳಾಸ 192.168.50 ಅಂತ ಶುರುವಾಗುತ್ತಿತ್ತು, ವೈಫೈ ಕಡೆ 192.168.1. ಈಗ 192.168.50.20ಕ್ಕೆ ಒಂದು ಪ್ಯಾಕೆಟ್ ಹೊರಟಿತು ಅನ್ನಿ. ಪಟ್ಟಿಯಲ್ಲಿ 192.168.50.0/24 ಅನ್ನುವ ಸಾಲಿದೆ, ಅದರ ಮೊದಲ 24 ಬಿಟ್ ಹೊಂದುತ್ತವೆ. ಡೀಫಾಲ್ಟ್ ಸಾಲು ಸೊನ್ನೆ ಬಿಟ್ ಹೊಂದುತ್ತದೆ. 24 ಗೆದ್ದಿತು, ಪ್ಯಾಕೆಟ್ ಕೇಬಲ್ಲಿನಲ್ಲಿ ಹೋಯಿತು. ಇಲ್ಲಿ ಗೇಟ್‌ವೇ (ಹೊರಗಿನ ಜಾಲಕ್ಕೆ ದಾಟಿಸುವ ಬಾಗಿಲು) ಎಲ್ಲಾದರೂ ಬೇಕಾಯಿತಾ? ಇಲ್ಲ. ಕ್ಯಾಮೆರಾ ಅದೇ ತಂತಿಯ ಆಚೆ ತುದಿಯಲ್ಲಿದೆ. ಅದನ್ನು ತಲುಪಲು ಕೇಬಲ್ ಕಡೆಯ ಡೀಫಾಲ್ಟ್ ರೂಟಿನ ಅಗತ್ಯವೇ ಇಲ್ಲ. ಆದರೂ ಆ ಪುಟ್ಟ ರೂಟರ್ ವಿಳಾಸ ಹಂಚುವಾಗ ಯಾರೂ ಕೇಳದೆಯೇ 'ಹೊರಗಿನ ಲೋಕಕ್ಕೆಲ್ಲ ನಾನೇ ಬಾಗಿಲು' ಅಂತ ಹೇಳಿಬಿಟ್ಟಿತ್ತು. ಅದರ ಹಿಂದೆ ಇಂಟರ್‌ನೆಟ್ಟೇ ಇರಲಿಲ್ಲ.

ಎರಡು ಡೀಫಾಲ್ಟ್ ರೂಟ್ ಇದ್ದಾಗ ಎರಡೂ ಸೊನ್ನೆ ಬಿಟ್, ಅಂದರೆ ಸಮ. ಆಗ ಮಾತ್ರ ಮೆಟ್ರಿಕ್ ಬರುತ್ತದೆ. ಕಡಿಮೆ ಸಂಖ್ಯೆಗೆ ಗೆಲುವು. ಬಿಟ್‌ಗಳಲ್ಲಿ ಸೋತ ಸಾಲನ್ನು ಯಾವ ಮೆಟ್ರಿಕ್ಕೂ ಮೇಲೆತ್ತಲಾರದು. ಎಷ್ಟೋ ಜನ ಮೆಟ್ರಿಕ್ ತಿದ್ದೀ ತಿದ್ದೀ ಸುಸ್ತಾಗುವುದು ಇದು ಗೊತ್ತಿಲ್ಲದೆ.

ಮೆಟ್ರಿಕ್ ಬಗ್ಗೆ ಇನ್ನೂ ದೊಡ್ಡ ತಪ್ಪು ತಿಳಿವಳಿಕೆ ಇದೆ: ಕಂಪ್ಯೂಟರ್ ವೇಗವಾದ ಇಂಟರ್‌ನೆಟ್ಟನ್ನೇ ಹುಡುಕಿ ಆರಿಸುತ್ತದೆ ಅಂತ. ವಿಂಡೋಸ್ ನೋಡುವುದು ಲಿಂಕ್ ವೇಗವನ್ನು, ಅಂದರೆ ನಿಮ್ಮ ಲ್ಯಾಪ್‌ಟಾಪಿನಿಂದ ಆ ತಂತಿಯ ಆಚೆ ತುದಿಯವರೆಗಿನ ವೇಗವನ್ನು. ಗಿಗಾಬಿಟ್ ಕೇಬಲ್ಲಿಗೆ ವಿಂಡೋಸ್ 10 ಕೊಡುವ ಅಂಕ 25. ಆ ತಂತಿಯ ಆಚೆ ಇಡೀ ಜಗತ್ತೇ ಇರಲಿ, ನಾಲ್ಕು ಕ್ಯಾಮೆರಾ ಇರಲಿ, ಅಂಕ ಅದೇ. ಮನೆ ಬಾಗಿಲಿನ ಮುಂದಿನ ರಸ್ತೆ ಅಗಲವಾಗಿದೆ ಅಂತ ಅದೇ ಹೆದ್ದಾರಿ ಅಂದುಕೊಂಡ ಹಾಗೆ. 'ಇಂಟರ್‌ನೆಟ್ ಇಲ್ಲ' ಅನ್ನುವ ಚಿಹ್ನೆ ಮೂಲೆಯಲ್ಲಿ ಕಾಣಿಸಬಹುದು, ಆದರೂ ಪಟ್ಟಿಯಲ್ಲಿ ಆ ಸಾಲು ಹಾಗೇ ಕೂತಿರುತ್ತದೆ. ಈ ವಿಷಯದಲ್ಲಿ ಲಿನಕ್ಸಿನ ನೆಟ್‌ವರ್ಕ್ ಮ್ಯಾನೇಜರ್ ಸ್ವಲ್ಪ ಜಾಣ. ಅದು ಕೇಬಲ್ಲಿಗೆ 100, ವೈಫೈಗೆ 600 ಅಂತ ಕೊಡುತ್ತದೆ. ಸಂಪರ್ಕ ಪರೀಕ್ಷೆ ಆನ್ ಆಗಿದ್ದು, ಆ ಕಡೆ ಇಂಟರ್‌ನೆಟ್ ಇಲ್ಲ ಅಂತ ಗೊತ್ತಾದರೆ, ಆ ಸಾಲಿನ ಮೆಟ್ರಿಕ್ಕಿಗೆ 20,000 ದಂಡ ಸೇರಿಸಿ ಹಿಂದಕ್ಕೆ ತಳ್ಳುತ್ತದೆ. ಮ್ಯಾಕ್‌ನಲ್ಲಿ ಯಾರು ಮೊದಲು ಅನ್ನುವ ಸರದಿಯನ್ನು ನಾವೇ ಮೇಲೆ ಕೆಳಗೆ ಎಳೆದು ಇಡಬಹುದು.

ಗೆಳೆಯನಿಗೆ ಹೇಳಿದ ಮದ್ದು: ಕೇಬಲ್ ಅಡಾಪ್ಟರಿಗೆ ವಿಳಾಸವನ್ನು ಕೈಯಲ್ಲೇ ತುಂಬು, ಗೇಟ್‌ವೇ ಮತ್ತು ಡಿಎನ್ಎಸ್ (ಹೆಸರನ್ನು ಸಂಖ್ಯೆಯ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ) ಖಾಲಿ ಬಿಡು. ಅವನು ತಡವರಿಸಿದ. ಖಾಲಿ ಬಿಟ್ಟರೆ ತಪ್ಪಾಗಲ್ವಾ ಅಂತ. ಫಾರ್ಮಿನಲ್ಲಿ ಖಾಲಿ ಜಾಗ ಕಂಡರೆ ತುಂಬಿಬಿಡುವುದು ನಮ್ಮೆಲ್ಲರ ಅಭ್ಯಾಸ. ಇಲ್ಲಿ ಖಾಲಿ ಬಿಡುವುದೇ ಸರಿಯಾದ ಉತ್ತರ. ಅವನು ಬಿಟ್ಟ, ನೆಟ್ ಬಂತು, ಕ್ಯಾಮೆರಾಗಳೂ ಕಂಡವು.

ಅತಿ ಉದ್ದ ಹೊಂದುವ ಸಾಲಿಗೆ ಗೆಲುವು ಅನ್ನುವ ಈ ಪುಟ್ಟ ನಿಯಮದ ಮೇಲೆ ನನಗೆ ವಿಪರೀತ ಪ್ರೀತಿ. ಅದಕ್ಕೊಂದು ಇತಿಹಾಸವೂ ಇದೆ. ಮೊದಲು ಇಂಟರ್‌ನೆಟ್ ವಿಳಾಸಗಳನ್ನು ಮೂರು ಅಳತೆಯ ಮೂಟೆಗಳಲ್ಲಿ ಹಂಚುತ್ತಿದ್ದರು. ಎ ಮೂಟೆಯಲ್ಲಿ 1.67 ಕೋಟಿಗೂ ಜಾಸ್ತಿ ವಿಳಾಸ, ಬಿ ಯಲ್ಲಿ 65,536, ಸಿ ಯಲ್ಲಿ 256. ಎರಡು ಸಾವಿರ ಕಂಪ್ಯೂಟರ್ ಇದ್ದವರಿಗೆ ಸಿ ಸಾಲದು, ಬಿ ತೆಗೆದುಕೊಂಡರೆ ಅರವತ್ತು ಸಾವಿರಕ್ಕೂ ಹೆಚ್ಚು ವಿಳಾಸ ವ್ಯರ್ಥ. ಹೀಗೇ ಬಿ ಮೂಟೆಗಳು ಖಾಲಿಯಾಗುತ್ತಾ ಬಂದವು. 1993ರಲ್ಲಿ ಸಿಐಡಿಆರ್ ಪದ್ಧತಿ ಬಂತು. ವಿಳಾಸವನ್ನು ಯಾವ ಬಿಟ್ಟಿನಲ್ಲಿ ಬೇಕಾದರೂ ಕತ್ತರಿಸಿ ಹಂಚಬಹುದು ಅಂದಿತು. ಆ 192.168.50.0/24ರಲ್ಲಿ ಗೆರೆಯ ಮುಂದೆ ಇರುವ 24 ಅಲ್ಲಿಂದಲೇ ಬಂದದ್ದು. ದೊಡ್ಡ ತುಂಡಿನೊಳಗೆ ಸಣ್ಣ ತುಂಡು ಬೇರೊಬ್ಬರದಾಗಿರಬಹುದು, ಆಗ ಒಂದೇ ವಿಳಾಸಕ್ಕೆ ಎರಡು ಸಾಲು ಹೊಂದುತ್ತವೆ. ಯಾರ ಮಾತು ಕೇಳಬೇಕು? ಹೆಚ್ಚು ಖಚಿತವಾಗಿ ಹೇಳಿದವರದು.

ಇದರ ಬಲ ಇಡೀ ಜಗತ್ತಿಗೆ ಗೊತ್ತಾದದ್ದು 2008ರ ಫೆಬ್ರವರಿ 24ರಂದು. ಪಾಕಿಸ್ತಾನದ ಸರ್ಕಾರ ತನ್ನ ದೇಶದೊಳಗೆ ಯೂಟ್ಯೂಬ್ ನಿಲ್ಲಿಸಲು ಹೇಳಿತು. ಆಗ ಯೂಟ್ಯೂಬ್ ತನ್ನ ವಿಳಾಸಗಳನ್ನು ಜಗತ್ತಿನ ರೂಟರ್‌ಗಳಿಗೆ 208.65.152.0/22 ಅಂತ ಸಾರುತ್ತಿತ್ತು, ಒಟ್ಟು 1,024 ವಿಳಾಸ. ಪಾಕಿಸ್ತಾನ್ ಟೆಲಿಕಾಂ ಅದರೊಳಗಿನ 208.65.153.0/24ಕ್ಕೆ ತಾನೇ ದಾರಿ ಅಂತ ಸಾರಿತು. ದೇಶದೊಳಗೇ ಉಳಿಯಬೇಕಿದ್ದ ಆ ಸಾಲು ಹೊರಗೂ ಸೋರಿತು. 22 ಬಿಟ್‌ಗಿಂತ 24 ಉದ್ದ. ಜಗತ್ತಿನ ರೂಟರ್‌ಗಳು ನಿಯಮ ಪಾಲಿಸಿದವು. ಯೂಟ್ಯೂಬಿಗೆ ಹೊರಟ ಪ್ಯಾಕೆಟ್ಟುಗಳು ಸುಮಾರು ಎರಡು ಗಂಟೆ ಕಾಲ ತಪ್ಪು ಬಾಗಿಲು ತಟ್ಟಿದವು. ಯೂಟ್ಯೂಬ್ ಮೊದಲು ತಾನೂ ಅದೇ /24 ಸಾರಿತು. ಅದರಿಂದ ಸಮಬಲ ಆಯಿತು, ಗೆಲುವು ಸಿಗಲಿಲ್ಲ. ಆಮೇಲೆ ಅದನ್ನೇ ಎರಡು /25 ತುಂಡು ಮಾಡಿ ಸಾರಿತು. ಕೇಬಲ್ ಚುಚ್ಚಿದರೆ ನೆಟ್ ಹೋಗುವ ಲ್ಯಾಪ್‌ಟಾಪಿನಲ್ಲೂ ಅಂದು ಜಗತ್ತಿನಲ್ಲೂ ಓದುವ ನಿಯಮ ಒಂದೇ.

ವಿಪಿಎನ್ ತಂತ್ರಾಂಶಗಳು (ನಿಮ್ಮ ಡೇಟಾವನ್ನು ಗುಪ್ತ ಸುರಂಗದಲ್ಲಿ ಸಾಗಿಸುವಂಥವು) ಇದೇ ಕುತಂತ್ರವನ್ನು ಒಳ್ಳೆಯದಕ್ಕೆ ಬಳಸುತ್ತವೆ. ಓಪನ್‌ವಿಪಿಎನ್‌ಗೆ ನಿಮ್ಮ ಎಲ್ಲಾ ಪ್ಯಾಕೆಟ್ಟುಗಳೂ ತನ್ನ ಸುರಂಗದಲ್ಲಿ ಹೋಗಬೇಕು. ಹಾಗಂತ ಹಳೆಯ ಡೀಫಾಲ್ಟ್ ರೂಟ್ ಅಳಿಸಿದರೆ, ಮಧ್ಯೆ ತಾನು ಸತ್ತಾಗ ಅದನ್ನು ವಾಪಸ್ ಹಾಕುವವರು ಯಾರು? ಅದಕ್ಕೇ ಅದು 0.0.0.0/1 ಮತ್ತು 128.0.0.0/1 ಅಂತ ಎರಡು ಸಾಲು ಸೇರಿಸಬಲ್ಲದು. ಮೊದಲನೆಯದು ಅರ್ಧ ಜಗತ್ತು, ಎರಡನೆಯದು ಇನ್ನರ್ಧ. ಒಂದು ಬಿಟ್ ಸೊನ್ನೆ ಬಿಟ್ಟಿಗಿಂತ ಉದ್ದ, ಹಾಗಾಗಿ ಎರಡೂ ಸೇರಿ ಡೀಫಾಲ್ಟನ್ನು ಮುಚ್ಚಿಬಿಡುತ್ತವೆ. ಹಳೆಯ ಸಾಲು ಕೆಳಗೆ ಸುಮ್ನೆ ಮಲಗಿರುತ್ತದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಜೊತೆಗೆ ವಿಪಿಎನ್ ಸರ್ವರಿಗೆ ಅಂತಲೇ ಒಂದು /32 ಸಾಲು ಹಳೆಯ ಗೇಟ್‌ವೇ ಕಡೆಗೆ ಇರುತ್ತದೆ. ಇಲ್ಲದಿದ್ದರೆ ಸುರಂಗ ಕಟ್ಟುವ ಪ್ಯಾಕೆಟ್ಟುಗಳೇ ಸುರಂಗದೊಳಗೆ ಹೋಗಲು ನೋಡುತ್ತವೆ. ವಿಪಿಎನ್ ಹಾಕಿದ ಮೇಲೆ ನೀವು ವೈಫೈ ಮೆಟ್ರಿಕ್ಕನ್ನು 1ಕ್ಕೆ ಇಳಿಸಿದರೂ ಏನೂ ಬದಲಾಗದೇ ಇದ್ದರೆ ಕಾರಣ ಈಗ ಗೊತ್ತಾಯಿತಲ್ಲ.

ಈ ನಿಯಮವೂ ಕೈಕೊಡುವ ಜಾಗವೊಂದಿದೆ. ಎರಡೂ ರೂಟರ್‌ಗಳು ಕಾರ್ಖಾನೆಯಿಂದ ಬಂದಾಗಲೇ 192.168.1.1 ಅಂತ ಹೆಸರಿಟ್ಟುಕೊಂಡಿದ್ದರೆ, ವೈಫೈ ಕಡೆಯೂ 192.168.1.0/24, ಕೇಬಲ್ ಕಡೆಯೂ ಅದೇ. 24ಕ್ಕೆ 24 ಸಮ. ಮೆಟ್ರಿಕ್ ನೋಡಿ ಒಂದು ಕಡೆಗೇ ಎಲ್ಲವೂ ಹೋಗುತ್ತದೆ, ಇನ್ನೊಂದು ಕಡೆಯ ಯಂತ್ರಗಳು ಇದ್ದೂ ಇಲ್ಲದ ಹಾಗೆ. ಒಂದೇ ಹೆಸರಿನ ಎರಡು ಬೀದಿ ಇದ್ದರೆ ಕಾಗದ ಹಂಚುವವರು ಏನು ತಾನೇ ಮಾಡಿಯಾರು? ಒಂದು ರೂಟರಿನ ಸಂಖ್ಯೆಯನ್ನು 192.168.2.1 ಅಂತ ಬದಲಿಸುವುದೇ ಸುಲಭ. ನಾವು ನೋಡಿಯೇ ಇರದ ಅಡಾಪ್ಟರ್‌ಗಳೂ ಹೀಗೇ ಕಾಟ ಕೊಡುತ್ತವೆ. ತಂತ್ರಾಂಶಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ತಾನಾಗಿಯೇ 172.17.0.0/16 ಅನ್ನು ತನ್ನದು ಅಂತ ಹಾಕಿಕೊಳ್ಳುತ್ತದೆ. ನಿಮ್ಮ ಕಚೇರಿಯ ಸರ್ವರ್ 172.17ರಲ್ಲೇ ಇದ್ದರೆ, ಅದಕ್ಕೆ ಹೊರಟ ಪ್ಯಾಕೆಟ್ ಕಂಪ್ಯೂಟರಿನ ಹೊಟ್ಟೆಯೊಳಗೇ ಸುತ್ತಿ ಸಾಯುತ್ತದೆ.

ಊಹೆ ಬೇಡ, ಕಂಪ್ಯೂಟರನ್ನೇ ಕೇಳಬಹುದು. ಲಿನಕ್ಸ್‌ನಲ್ಲಿ 'ಐಪಿ ರೂಟ್ ಗೆಟ್ 8.8.8.8' (ಇದು ಗೂಗಲ್ಲಿನ ಒಂದು ವಿಳಾಸ) ಅಂದರೆ ಯಾವ ಅಡಾಪ್ಟರ್, ಯಾವ ಗೇಟ್‌ವೇ, ಯಾವ ವಿಳಾಸದಿಂದ ಅಂತ ಒಂದೇ ಸಾಲಿನಲ್ಲಿ ಹೇಳುತ್ತದೆ. ವಿಂಡೋಸ್ ಪವರ್‌ಶೆಲ್‌ನಲ್ಲಿ 'ಫೈಂಡ್ ನೆಟ್‌ರೂಟ್' ಇದೇ ಕೆಲಸಕ್ಕೆ ಇದೆ. ಆಮೇಲೆ ಪಿಂಗ್, ಆಚೆ ಕಡೆಯಿಂದ ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್. ಮೊದಲು ಗೇಟ್‌ವೇಗೆ, ನಂತರ 8.8.8.8ಕ್ಕೆ, ಕೊನೆಗೆ ಯಾವುದಾದರೂ ಹೆಸರಿಗೆ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ದಾರಿ ಸರಿಯಿದೆ, ಡಿಎನ್ಎಸ್ ಕೆಟ್ಟಿದೆ. ಪಿಂಗ್ ಬರೆದವರು ಮೈಕ್ ಮೂಸ್, 1983ರ ಡಿಸೆಂಬರ್‌ನಲ್ಲಿ. ಎದುರಾಗಿದ್ದ ಒಂದು ವಿಚಿತ್ರ ನೆಟ್‌ವರ್ಕ್ ತೊಂದರೆ ಹಿಡಿಯಲು ಬರೆದದ್ದು. ಜಲಾಂತರ್ಗಾಮಿಗಳ ಸೋನಾರ್ ಸದ್ದು ನೆನೆದು ಆ ಹೆಸರಿಟ್ಟರು.

ಟ್ರೇಸ್‌ರೂಟ್ ನನಗೆ ಇನ್ನೂ ಇಷ್ಟ. ಪ್ಯಾಕೆಟ್ ಯಾವ ಯಾವ ರೂಟರ್ ದಾಟಿ ಹೋಗುತ್ತದೆ ಅಂತ ಅದು ತೋರಿಸುತ್ತದೆ. ಪ್ರತಿ ಪ್ಯಾಕೆಟ್ಟಿಗೂ ಒಂದು ಆಯಸ್ಸಿನ ಸಂಖ್ಯೆ ಇರುತ್ತದೆ, ಪ್ರತಿ ರೂಟರಿನಲ್ಲೂ ಒಂದೊಂದು ಕಡಿಮೆಯಾಗುತ್ತದೆ, ಸೊನ್ನೆಯಾದಾಗ ಆ ರೂಟರ್ 'ನಿನ್ನ ಪ್ಯಾಕೆಟ್ ನನ್ನಲ್ಲಿ ಸತ್ತಿತು' ಅಂತ ಸಾಮಾನ್ಯವಾಗಿ ಸುದ್ದಿ ಕಳಿಸುತ್ತದೆ. ಅದನ್ನು ಬರೆದ ವ್ಯಾನ್ ಜೇಕಬ್ಸನ್ ಈ ಸಾವಿನ ಸುದ್ದಿಗಳನ್ನೇ ನಕ್ಷೆ ಮಾಡಿಕೊಂಡರು. ಆಯಸ್ಸು 1 ಕೊಟ್ಟು ಕಳಿಸಿದರೆ ಮೊದಲ ರೂಟರ್ ಗೊತ್ತಾಯಿತು, 2 ಕೊಟ್ಟರೆ ಎರಡನೆಯದು. ನಮ್ಮ ಕೆಲಸಕ್ಕೆ ಮೊದಲ ಸಾಲೇ ಸಾಕು. ಅಲ್ಲಿ ವೈಫೈ ಗೇಟ್‌ವೇ ಬದಲು ಕ್ಯಾಮೆರಾ ರೂಟರ್ ಕಂಡರೆ ಮುಂದೆ ನೋಡುವುದೇ ಬೇಡ.

ನೆಟ್ ಬಂದ ಮೇಲೆ ಗೆಳೆಯನ ಕೊನೆಯ ಪ್ರಶ್ನೆ, ಎಲ್ಲರೂ ಕೇಳುವಂಥದ್ದೇ: "ಹಾಗಾದ್ರೆ ಎರಡು ಕಡೆಯೂ ಇಂಟರ್‌ನೆಟ್ ಇದ್ದಿದ್ರೆ ಡಬಲ್ ಸ್ಪೀಡ್ ಬರ್ತಿತ್ತಾ?" ಇಲ್ಲ. ಟಿಸಿಪಿ (ಡೌನ್‌ಲೋಡಿಗೆ ಸಾಮಾನ್ಯವಾಗಿ ಬಳಸುವ ಪದ್ಧತಿ) ಸಂಪರ್ಕವೊಂದು ಎರಡು ತುದಿಯ ವಿಳಾಸ ಮತ್ತು ಪೋರ್ಟ್ (ಯಂತ್ರದೊಳಗಿನ ಬಾಗಿಲಿನ ಸಂಖ್ಯೆ) ಸೇರಿದ ನಾಲ್ಕು ಸಂಖ್ಯೆಗಳಿಂದ ಗುರುತಾಗುತ್ತದೆ. ವೈಫೈ ವಿಳಾಸದಿಂದ ಶುರುವಾದ ಡೌನ್‌ಲೋಡ್ ಮಧ್ಯದಲ್ಲಿ ಕೇಬಲ್ ವಿಳಾಸಕ್ಕೆ ಹಾರಿದರೆ ಸರ್ವರಿಗೆ ಅದು ಬೇರೆಯೇ ಗಿರಾಕಿ. ಮಲ್ಟಿಪಾತ್ ಟಿಸಿಪಿ ಅಂತ ಒಂದಿದೆ, ಒಂದೇ ಸಂಪರ್ಕವನ್ನು ಎರಡು ದಾರಿಯಲ್ಲಿ ನಡೆಸಬಲ್ಲದು. 2013ರಲ್ಲೇ ಆ್ಯಪಲ್ ಅದನ್ನು ಐಫೋನಿನ ಸಿರಿಗೆ ಬಳಸಿತು. ಆದರೆ ಆಚೆ ತುದಿಯ ಸರ್ವರಿಗೂ ಅದು ಬರಬೇಕು. ಅಲ್ಲಿಯವರೆಗೆ ಕಡಿಮೆ ಮೆಟ್ರಿಕ್ಕಿನ ಅಡಾಪ್ಟರ್ ದುಡಿಯುತ್ತದೆ, ಇನ್ನೊಂದು ತನ್ನ ಬೀದಿಯ ಕಾಗದಕ್ಕೆ ಕಾಯುತ್ತಾ ಕೂತಿರುತ್ತದೆ.